ಚಿಕ್ಕಕ್ಕನ ಚೀಟಿ

ಡಿಸೆಂಬರ್ ೨, ಸೋಮವಾರ

ತಂಗೀ,

ಮೂರು ವರ್ಷ ಬಾಯಿ ಹೊಲಿದುಕೊಂಡಿದ್ದವಳು ಇದ್ದಕ್ಕಿದ್ದ ಹಾಗೆ ಬರೆದಿದ್ದಾಳಲ್ಲ, ಯಾರಾದರೂ ತೀರಿಕೊಂಡರೇನೋ ಎಂದು ಎದೆ ಹಿಡಿದುಕೊಳ್ಳಬೇಡ. ಎಲ್ಲರೂ ಇದ್ದಾರೆ. ಮೊಣಕಾಲೊಂದು ಬಿಟ್ಟರೆ ನನ್ನದೆಲ್ಲ ನೆಟ್ಟಗಿದೆ. ಫೋನು ಮಾಡಬಹುದಿತ್ತು. ಆದರೆ ನೀನು ಆ ಕಡೆಯಿಂದ "ಹಲೋ, ಯಾರು?" ಎಂದರೆ ನಾನು "ಅಕ್ಕ" ಎನ್ನಬೇಕು. ಆಮೇಲೆ ನೀನು ಸುಮ್ಮನಾಗಿಬಿಟ್ಟರೆ? ಆ ಮೌನವನ್ನು ಕಿವಿಗೆ ಒತ್ತಿಕೊಂಡು ನಾನು ಎಷ್ಟು ಹೊತ್ತು ನಿಲ್ಲಲಿ? ಕಾಗದವೇ ವಾಸಿ. ನೀನು ಓದುವಾಗ ನಿನ್ನ ಮುಖ ನನಗೆ ಕಾಣುವುದಿಲ್ಲ.

ನಿನ್ನೆ ಆಗಮನ ಕಾಲದ ಮೊದಲ ಭಾನುವಾರ. ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಹಸಿರೆಲೆಯ ಚಕ್ರ ಕಟ್ಟಿ ನಾಲ್ಕು ಮೇಣದ ಬತ್ತಿ ನಿಲ್ಲಿಸಿದ್ದಾರೆ. ಮೂರು ನೇರಳೆ, ಒಂದು ಗುಲಾಬಿ. ವಾರ ವಾರಕ್ಕೆ ಒಂದೊಂದು ಹೆಚ್ಚಿಗೆ ಹಚ್ಚುತ್ತ ಹೋಗಿ, ನಾಲ್ಕೂ ಉರಿಯುವ ಹೊತ್ತಿಗೆ ಕ್ರಿಸ್ಮಸ್ ಬಾಗಿಲಲ್ಲಿ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಗೊತ್ತು. ಗೊತ್ತಿರುವವರಿಗೆ ಹೇಳುವುದರಲ್ಲೇ ಒಂದು ಸುಖ. ಗೋದಲಿಯ ಕೊಟ್ಟಿಗೆಯಲ್ಲಿ ಖಾಲಿ ತೊಟ್ಟಿಲನ್ನೂ ಇಟ್ಟಾಗಿದೆ. ಒಂದು ಒಳ್ಳೆಯ ಕೆಲಸ ಮಾಡಿದ ಮಗು ಒಂದು ಹುಲ್ಲುಕಡ್ಡಿ ಹಾಕಬೇಕು, ಬಾಲಯೇಸುವಿಗೆ ಹಾಸಿಗೆ ಮೆತ್ತಗಾಗಲಿ ಎಂದು. ಒಂದನೇ ಕ್ಲಾಸಿನ ಒಬ್ಬಳು ಬೆಳಿಗ್ಗೆಯೇ ಒಂದು ತೆಕ್ಕೆ ಹುಲ್ಲು ತಂದು ಸುರಿದಳು. ಏನಮ್ಮಾ ಇಷ್ಟೊಂದು ಎಂದು ಹೆಡ್ ಸಿಸ್ಟರ್ ಕೇಳಿದರೆ, "ಇವತ್ತು ಯಾರನ್ನೂ ಕಚ್ಚಲಿಲ್ಲ ಸಿಸ್ಟರ್" ಎಂದಳು. ಅವರು ಒಂದು ಕಡ್ಡಿ ಉಳಿಸಿಕೊಂಡು ಮಿಕ್ಕದ್ದು ಅವಳ ಕೈಗೇ ಕೊಟ್ಟರು. "ನಾಳೆ, ನಾಡಿದ್ದು ಕಚ್ಚದೇ ಇದ್ರೆ ತಗೊಂಡ್ ಬಾ."

ಇವತ್ತು ಚೀಟಿ ಎತ್ತಿದೆವು. ಅದೇ ಬಿಸ್ಕತ್ತಿನ ಡಬ್ಬಿ, ಅದೇ ಸೊಟ್ಟ ಮುಚ್ಚಳ. ಟೀಚರುಗಳಿಂದ ಹಿಡಿದು ಗೇಟಿನವನ ತನಕ ಎಲ್ಲರ ಹೆಸರೂ ಅದರೊಳಗೆ. ಯಾರ ಚೀಟಿ ಕೈಗೆ ಬರುತ್ತದೋ, ರಜೆ ಬಿಡುವ ದಿನದವರೆಗೆ ನಾವು ಅವರ ಗುಟ್ಟಿನ ದೂತರು. ಅವರಿಗೆ ತಿಳಿಯದ ಹಾಗೆ ಅವರಿಗೊಂದು ಒಳಿತು ಮಾಡುತ್ತಿರಬೇಕು. ಬಂದ ಚೀಟಿಯನ್ನು ವಾಪಸು ಹಾಕುವ ಹಾಗಿಲ್ಲ, ಹೆಸರು ಬಾಯಿಬಿಡುವ ಹಾಗಿಲ್ಲ.

ನನ್ನ ಕೈಗೆ ಯಾರದು ಬಂತು ಎಂದು ಕೇಳಬೇಡ. ಬಿಡಿಸಿ ನೋಡಿದವಳು ಹಾಗೇ ಬೆಂಚಿನ ಮೇಲೆ ಕೂತುಬಿಟ್ಟೆ, ಅಷ್ಟು ಹೇಳುತ್ತೇನೆ. ಪಿಟೀಲು ಮೇಷ್ಟ್ರು ಹಲ್ಲು ಕಿರಿದು "ಏನ್ ದೊಡ್ಡಕ್ಕ, ನನ್ ಚೀಟಿ ಬಂತಾ?" ಎಂದರು.

"ನಿಮ್ಮದು ಬಂದಿದ್ರೆ ಕೂರ್ತಿದ್ನಾ ಮೇಷ್ಟ್ರೇ? ಓಡ್ತಿದ್ದೆ" ಎಂದೆ.

ಆ ಚೀಟಿಗೂ ಈ ಕಾಗದಕ್ಕೂ ಸಂಬಂಧವಿಲ್ಲ ಎಂದು ತಿಳಿದುಕೋ. ಚಳಿ ಶುರುವಾಗಿದೆ. ನಿನ್ನ ಎದೆಗೆ ಶೀತ ಬೇಗ ಇಳಿಯುತ್ತದೆ, ಒದ್ದೆ ತಲೆಯಲ್ಲಿ ಹೊರಗೆ ಹೋಗಬೇಡ.

ನಿನ್ನನ್ನು ಎತ್ತಿ ಬೆಳೆಸಿದ,
ಅಕ್ಕ


ಡಿಸೆಂಬರ್ ೮, ಭಾನುವಾರ

ತಂಗೀ,

ಉತ್ತರ ಬರಲಿಲ್ಲ. ಬರುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ, ಆದರೂ ಅಂಚೆಯವನ ಸೈಕಲ್ಲು ಗೇಟಿಗೆ ಬಂದಾಗಲೆಲ್ಲ ಕೈ ನಿಲ್ಲುತ್ತದೆ. ಎರಡನೇ ಬತ್ತಿ ಹಚ್ಚಿದರು.

ಶುಕ್ರವಾರ ನಾಟಕದ ಟ್ರಂಕು ತೆಗೆದೆವು. ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆಯ ವಾಸನೆ ಬಂತು ನೋಡು, ಮೂಗಿಗಲ್ಲ, ನೇರ ಹೊಟ್ಟೆಗೆ. ನೀನು ಹೊಲಿದ ರಾಜರ ನಿಲುವಂಗಿಗಳು ಹಾಗೇ ಇವೆ. ಜೋಸೆಫನ ಗಡ್ಡವನ್ನು ಮಾತ್ರ ಇಲಿ ಅರ್ಧ ತಿಂದಿದೆ, ಈ ವರ್ಷ ಅವನು ಸ್ವಲ್ಪ ಚಿಕ್ಕ ವಯಸ್ಸಿನವನಾಗಿ ಕಾಣುತ್ತಾನೆ. ತಳದಲ್ಲಿ ಆ ರೆಕ್ಕೆಗಳು ಸಿಕ್ಕವು. ನೆನಪಿದೆಯಾ? ಗಂಜಿ ಕಡಿಮೆಯಾದರೆ ರೆಕ್ಕೆ ಜೋಲುತ್ತದೆ ಎಂದು ನಾನು ಹೇಳಿದ್ದಕ್ಕೆ, ನೀನು ಇಡೀ ಪಾತ್ರೆ ಗಂಜಿ ಕುಡಿಸಿ ಹಲಗೆಯ ಹಾಗೆ ಮಾಡಿಟ್ಟಿದ್ದೆ. ದೇವದೂತ ವೇದಿಕೆಯ ಬಾಗಿಲಲ್ಲಿ ಸಿಕ್ಕಿಕೊಂಡ. ಕೊನೆಗೆ ಏಡಿಯ ಹಾಗೆ ಅಡ್ಡಡ್ಡ ನಡೆದು ಬಂದು, ತಾನೇ ಗಡಗಡ ನಡುಗುತ್ತ, "ಭಯಪಡಬೇಡಿ" ಎಂದ. ಫಾದರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾವಿಬ್ಬರೂ ಪರದೆಯ ಹಿಂದೆ ಒಬ್ಬರ ಬಾಯಿಗೆ ಒಬ್ಬರು ಸೆರಗು ತುರುಕಿಕೊಂಡು ಕೂತಿದ್ದೆವು.

ಅದನ್ನು ನೆನೆಸಿಕೊಂಡು ಒಬ್ಬಳೇ ನಕ್ಕೆ. ಒಬ್ಬಳೇ ನಗುವುದು ಅಷ್ಟೇನೂ ಚೆನ್ನಾಗಿರುವುದಿಲ್ಲ.

ಒಬ್ಬಳೇ ಅಂದರೆ ಸುಳ್ಳಾಗುತ್ತದೆ. ನಿನ್ನ ಜಾಗಕ್ಕೆ ಈ ವರ್ಷ ಒಬ್ಬ ಹುಡುಗಿಯನ್ನು ಹಾಕಿದ್ದಾರೆ. ಕೈ ಚುರುಕು, ಬಾಯಿ ಕಡಿಮೆ. ಗುಂಡಿಗೆ ಕಾಜಾ ಹೊಲಿಯುವುದು ನಿನ್ನಷ್ಟು ಚೆನ್ನಾಗಿಲ್ಲ. ನಿನ್ನನ್ನು ಕರೆಯುತ್ತಿದ್ದ ಹಾಗೇ ಮಕ್ಕಳು ಅವಳನ್ನೂ ಚಿಕ್ಕಕ್ಕ ಎನ್ನುತ್ತವೆ! ಮಕ್ಕಳಿಗೇನು, ಹೊಲಿಗೆ ಕೋಣೆಯಲ್ಲಿ ಇಬ್ಬರಿದ್ದರೆ ಒಬ್ಬಳು ದೊಡ್ಡಕ್ಕ, ಇನ್ನೊಬ್ಬಳು ಚಿಕ್ಕಕ್ಕ. ನನ್ನ ನಾಲಿಗೆ ಹೊರಳುವುದಿಲ್ಲ. ನಾನು "ಇವಳೇ" ಎಂದು ಕರೆಯುತ್ತೇನೆ, ಅವಳು ತಿರುಗುತ್ತಾಳೆ.

ನನ್ನ ದೂತರು ಯಾರೋ ಗೊತ್ತಿಲ್ಲ, ಒಳ್ಳೆಯವರು. ದಿನಾ ಬೆಳಿಗ್ಗೆ ಬಂದು ನೋಡಿದರೆ ಸೂಜಿಗಳಿಗೆಲ್ಲ ದಾರ ಪೋಣಿಸಿ ದಿಂಬಿಗೆ ಸಾಲಾಗಿ ಚುಚ್ಚಿರುತ್ತಾರೆ. ನನ್ನ ಕಣ್ಣು ಮೊದಲಿನಂತಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ.

ನಿನ್ನ ಮನೆಯವರನ್ನೂ ಕೇಳಿದೆ ಎಂದು ಹೇಳು. ಬೇಡ ಅನಿಸಿದರೆ ಹೇಳಬೇಡ.

ಅಕ್ಕ


ಡಿಸೆಂಬರ್ ೧೨

ಅಕ್ಕ,

ಎರಡೂ ಕಾಗದ ಬಂತು. ನಿನ್ನ ಒತ್ತಕ್ಷರಗಳು ಇನ್ನೂ ಗೆರೆಯಿಂದ ಕೆಳಗೆ ಜಾರಿ ಬೀಳುತ್ತವೆ. ಅದನ್ನು ನೋಡಿಯೇ ಅರ್ಧ ಕೋಪ ಇಳಿಯಿತು. ಇನ್ನರ್ಧ ಇದೆ.

ನೀನು ಹೇಳುವ ಹಾಗಿಲ್ಲ, ನಾನು ಹೇಳಬಹುದಲ್ಲ. ನಿನ್ನ ಕೈಗೆ ಬಂದದ್ದು "ಚಿಕ್ಕಕ್ಕ" ಎಂಬ ಚೀಟಿ. ಹೆಡ್ ಸಿಸ್ಟರ್ ಕಾಗದ ಉಳಿಸುವುದಕ್ಕೆ ಹಳೆಯ ಚೀಟಿಗಳನ್ನೇ ಪ್ರತಿ ವರ್ಷ ಹಾಕುತ್ತಾರೆ, ನನ್ನದನ್ನು ತೆಗೆಯಲು ಮರೆತಿದ್ದಾರೆ. ವಾಪಸು ಹಾಕುವ ಹಾಗಿಲ್ಲ. ಅದಕ್ಕೇ ಬರೆದೆ. ಹೌದೋ ಅಲ್ಲವೋ?

ಮೂರು ಡಿಸೆಂಬರ್ ನಾನು ಇಲ್ಲಿ ಅಂಚೆಗಾಗಿ ಕಾದಿದ್ದೇನೆ. ಆ ಕಾಯುವಿಕೆಗೆ ಒಂದೇ ಪ್ರಶ್ನೆ ಕೇಳುವ ಹಕ್ಕಿದೆ. ಚೀಟಿ ಬರದೆ ಇದ್ದಿದ್ದರೆ ನೀನು ಬರೆಯುತ್ತಿದ್ದೆಯಾ?

ಇನ್ನೊಂದು ಮಾತು. ಮದುವೆಯ ಸುದ್ದಿಯನ್ನು ನಾನು ಶಾಲೆಯ ಬಸ್ಸಿನ ಡ್ರೈವರಣ್ಣನಿಗೆ ಮೊದಲು ಹೇಳಿದೆ, ಸ್ವಂತ ಅಕ್ಕನಿಗೆ ಹೇಳಲಿಲ್ಲ ಎಂದು ನೀನು ಎಲ್ಲರ ಹತ್ತಿರ ಹೇಳಿಕೊಂಡು ಅತ್ತಿದ್ದೆಯಂತೆ. ಮದುವೆಯ ದಿನ ಹಿಂದಿನ ಬೆಂಚಿನಲ್ಲಿ ಕೂತು, ಊಟಕ್ಕೂ ನಿಲ್ಲದೆ ಹೋದೆ. ಅಕ್ಕ, ಮೊದಲು ಹೇಳಿದ್ದು ನಿನಗೇ. ನಾಟಕದ ವಾರ. ನೀನು ದೂತರ ಅಂಗಿಗೆ ಅಂಚು ಹೊಲಿಯುತ್ತಿದ್ದೆ. ನಾನು ಪಕ್ಕದಲ್ಲಿ ನಿಂತು, "ಅಕ್ಕಾ, ಶಾಲೆಗೆ ಫೋಟೋ ತೆಗೆಯೋಕೆ ಬರ್ತಾರಲ್ಲ, ಅವರು ಮದುವೆಗೆ ಕೇಳ್ತಿದ್ದಾರೆ, ಹೂಂ ಅನ್ಲಾ?" ಎಂದೆ. ಹೇಳುವುದಕ್ಕೆ ನನಗೆ ಮೂರು ದಿನ ಧೈರ್ಯ ಬೇಕಾಗಿತ್ತು. ನೀನು ತಲೆಯಾಡಿಸಿದೆ. ನಾನು ಅಳುತ್ತ ಹೊರಗೆ ಬಂದೆ, ಸಂತೋಷಕ್ಕೆ. ಎದುರಿಗೆ ಸಿಕ್ಕಿದ್ದು ಡ್ರೈವರಣ್ಣ. ಯಾಕಮ್ಮಾ ಅಳ್ತೀಯ ಅಂದ, ಹೇಳಿದೆ.

ಹೊಲಿಗೆ ಮೆಷಿನ್ ಓಡುತ್ತಿತ್ತು, ಆ ಸದ್ದಿನಲ್ಲಿ ನಿನಗೆ ಕೇಳಿಸಿರಲಿಕ್ಕಿಲ್ಲ ಎಂದು ಆಮೇಲೆ, ಎಷ್ಟೋ ದಿನದ ಮೇಲೆ ಹೊಳೆಯಿತು. ಅಷ್ಟರಲ್ಲಿ ನೀನು ಮಾತು ಬಿಟ್ಟಾಗಿತ್ತು.

ಇವರು ಚೆನ್ನಾಗಿದ್ದಾರೆ. ಕೇಳಿದೆ ಎಂದು ಹೇಳಿದೆ.

ನಿನ್ನ ತಂಗಿ


ಡಿಸೆಂಬರ್ ೧೫, ಗುಲಾಬಿ ಬತ್ತಿಯ ಭಾನುವಾರ

ತಂಗೀ,

ನಿನ್ನ ಕಾಗದ ಬಂದ ಮೇಲೆ ಕೆಲಸಕ್ಕೆ ಕೈ ಹೋಗಲಿಲ್ಲ. ಶನಿವಾರ ಒಂದು ಪರೀಕ್ಷೆ ಮಾಡಿದೆ. ಮೆಷಿನ್ ಮುಂದೆ ಕೂತು, ಉದ್ದನೆಯ ಒಂದು ಅಂಚು ಹಾಕಿಕೊಂಡು, "ಇವಳೇ, ನಾನು ತುಳೀತಾ ಇರ್ತೀನಿ, ನೀನು ಏನಾದ್ರೂ ಮಾತಾಡು" ಎಂದೆ. ತುಳಿದೆ. ಅಂಚು ಮುಗಿದ ಮೇಲೆ ತಲೆಯೆತ್ತಿ "ಹೂಂ, ಯಾವಾಗ ಮಾತಾಡ್ತೀಯಾ?" ಎಂದರೆ, ಅವಳು ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದಾಳೆ.

"ಮಾತಾಡಿದ್ನಲ್ಲ ದೊಡ್ಡಕ್ಕ. ಸೋಮವಾರ ರಜೆ ಬೇಕು ಅಂದೆ. ನೀವು ಹೂಂ ಅಂತ ತಲೆ ಆಡಿಸಿದ್ರಿ!"

"ನಾನಾ?"

"ಎರಡು ಸಲ."

ಆಮೇಲೆ ಗೊತ್ತಾಯಿತು. ಕಾಲು ತುಳಿದ ಹಾಗೆಲ್ಲ ನನ್ನ ತಲೆ ಆಡುತ್ತದಂತೆ. ಇಡೀ ಶಾಲೆಗೆ ಗೊತ್ತು. ಮಕ್ಕಳು ಹರಿದ ಜೇಬು ಹಿಡಿದುಕೊಂಡು ಬಂದು, ಮೆಷಿನ್ ಓಡುವುದನ್ನೇ ಕಾದು, "ದೊಡ್ಡಕ್ಕ, ಇವತ್ತೇ ಕೊಡ್ತೀರಾ?" ಎನ್ನುತ್ತವಂತೆ. ನನಗೊಬ್ಬಳಿಗೆ ಗೊತ್ತಿರಲಿಲ್ಲ. ನನ್ನ ತಂಗಿ ಧೈರ್ಯ ಕೂಡಿಸಿಕೊಂಡು ಕೇಳಿದ್ದು ನನಗೆ ಕೇಳಿಸದೆ ಹೋಯಿತು, ಅವಳಿಗೆ ಸಿಕ್ಕ ಆಶೀರ್ವಾದ ಮೆಷಿನ್ನಿನದು. ಹುಡುಗಿಗೆ ರಜೆ ಕೊಟ್ಟೆ.

ಹೌದು. ಬಂದದ್ದು "ಚಿಕ್ಕಕ್ಕ" ಎಂಬ ಚೀಟಿಯೇ. ನಿಯಮ ಮುರಿದೆ, ದೇವರು ನೋಡಿಕೊಳ್ಳಲಿ.

ಚೀಟಿ ಬರದೆ ಇದ್ದಿದ್ದರೆ ಎಂದು ಕೇಳಿದ್ದೀಯ. ಬರೆಯುತ್ತಿದ್ದೆ ಕಣೇ ಎಂದು ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಹೋದ ವರ್ಷ ಬರೆಯಲಿಲ್ಲ, ಅದರ ಹಿಂದಿನ ವರ್ಷವೂ ಇಲ್ಲ. ಅದು ನಿನಗೂ ಗೊತ್ತು. ಆ ಪ್ರಶ್ನೆಯನ್ನು ಇವತ್ತು ಪ್ರಾರ್ಥನೆಯಲ್ಲೂ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಗುಲಾಬಿ ಬತ್ತಿ ಹಚ್ಚಲು ಕಚ್ಚುವ ಹುಡುಗಿಯನ್ನೇ ಕರೆದಿದ್ದರು. ಇದು ಸಂತೋಷದ ಬತ್ತಿ, ನಗುತ್ತ ಹಚ್ಚು ಎಂದು ಹೇಳಿಕೊಟ್ಟಿದ್ದರಂತೆ. ಹಲ್ಲು ಬಿದ್ದ ಬಾಯಿ ಅಗಲಿಸಿಕೊಂಡು ಹಚ್ಚಿದಳು. ಎಲ್ಲರೂ ನಕ್ಕರು. ನನಗೆ ಉತ್ತರ ಮಾತ್ರ ಹೊಳೆಯಲಿಲ್ಲ.

ಹೊಲಿಗೆ ಕೋಣೆಯ ನಮ್ಮ ಹುಡುಗಿಯ ಕಥೆ ಇನ್ನೊಂದು. ನಿನ್ನೆ ಸಂಜೆ ಕಪಾಟಿನ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೇಳಿದರೆ ಹೇಳಲೊಲ್ಲಳು. ಬಲವಂತ ಮಾಡಿದ ಮೇಲೆ, "ಎಲ್ಲರಿಗೂ ದೂತರು ಏನೇನೋ ಮಾಡ್ತಿದ್ದಾರೆ ದೊಡ್ಡಕ್ಕ. ನನಗೆ ಇವತ್ತಿನ ತನಕ ಒಂದು ಹೂವೂ ಇಲ್ಲ. ಹೊಸಬಳು ಅಂತ ಮರೆತಿರಬೇಕು" ಎಂದಳು. ನನಗೆ ಮೈಯೆಲ್ಲ ಉರಿಯಿತು. ಮನೆಬಿಟ್ಟು ಬಂದ ಮಗು. ಅವಳ ಚೀಟಿ ಯಾರ ಕೈಯಲ್ಲಿದೆಯೋ ಆ ಮನುಷ್ಯರಿಗೆ ಎದೆಯಲ್ಲಿ ಏನಿದೆ, ಮರದ ಪುಡಿಯಾ? ಮೇಷ್ಟ್ರ ಮೇಲೇ ನನಗೆ ಅನುಮಾನ. ಊಟದ ಹೊತ್ತಿನಲ್ಲಿ ಎಲ್ಲರೆದುರು, "ಚೀಟಿ ತಗೊಂಡು ಜೇಬಲ್ಲಿಟ್ಟುಕೊಂಡರೆ ಸಾಲದು" ಎಂದು ಗಟ್ಟಿಯಾಗಿ ಹೇಳಿದೆ. ಮೇಷ್ಟ್ರು ಸುತ್ತ ನೋಡಿದರು.

ಅಕ್ಕ


ಡಿಸೆಂಬರ್ ೨೦, ಶುಕ್ರವಾರ

ತಂಗೀ,

ಈ ಕಾಗದ ಬರೆಯದೆ ಬಿಟ್ಟಿದ್ದರೂ ನಡೆಯುತ್ತಿತ್ತು. ನಿನಗೆ ಯಾರೂ ಹೇಳುತ್ತಿರಲಿಲ್ಲ. ಆದರೆ ಕೇಳಿಸದ ಮಾತಿನಿಂದ ಮೂರು ವರ್ಷ ಹೋಗಿದೆ, ಹೇಳದ ಮಾತಿನಿಂದ ಇನ್ನಷ್ಟು ಹೋಗುವುದು ಬೇಡ.

ಇವತ್ತು ಸಭಾಂಗಣದಲ್ಲಿ ದೂತರೆಲ್ಲ ಹೊರಬೀಳುವ ದಿನ. ಹೆಡ್ ಸಿಸ್ಟರ್ ಒಂದೊಂದೇ ಹೆಸರು ಕೂಗುತ್ತಾರೆ, ಅವರ ದೂತರು ಎದ್ದು ಹೋಗಿ ಹೆಗಲ ಮೇಲೆ ಕೈಯಿಡಬೇಕು. "ದೊಡ್ಡಕ್ಕ" ಎಂದರು. ನಾನು ಸುತ್ತ ನೋಡುತ್ತಿದ್ದೇನೆ, ಕೂಗಿದವರೇ ಕೆಳಗಿಳಿದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು! ದಿನಾ ಬೆಳಿಗ್ಗೆ ಪೂಜೆಗೆ ಮೊದಲು ಬಂದು ಸೂಜಿ ಪೋಣಿಸುತ್ತಿದ್ದದ್ದು ಹೆಡ್ ಸಿಸ್ಟರ್. "ನನ್ನ ಕನ್ನಡಕದಲ್ಲೂ ಕಷ್ಟವೇ ಆಯ್ತು ಮಹರಾಯ್ತಿ, ದಪ್ಪ ಸೂಜಿ ತಗೋಬಾರದಾ?" ಎಂದರು. ಗುಂಡಿ ಬಿಚ್ಚಿದ ಮಕ್ಕಳಿಗೆ ಗದರುವುದನ್ನು ಬಿಟ್ಟು ಅವರಿಗೆ ಬೇರೆ ಮಾತು ಬರುವುದಿಲ್ಲ ಎಂದು ತಿಳಿದಿದ್ದೆ.

ಆ ಸಂತೋಷದಲ್ಲಿರುವಾಗಲೇ, "ಚಿಕ್ಕಕ್ಕ" ಎಂದು ಕೂಗಿದರು.

ನೀನು ಬಂದುಬಿಟ್ಟೆಯೇನೋ ಎಂದು ಬಾಗಿಲ ಕಡೆ ತಿರುಗಿದೆ. ಬಾಗಿಲಲ್ಲಿ ಯಾರೂ ಇಲ್ಲ. ಮುಂದಿನ ಸಾಲಿನಲ್ಲಿ ಈ ಹುಡುಗಿ ಎದ್ದು ನಿಂತಿದ್ದಾಳೆ, ಸೆರಗನ್ನು ಬೆರಳಿಗೆ ಸುತ್ತುತ್ತ, ಹಿಂದೆ ತಿರುಗಿ ನೋಡುತ್ತ. "ಚಿಕ್ಕಕ್ಕನ ದೂತರು ಯಾರು?" ಎಂದು ಇನ್ನೊಂದು ಸಲ ಕೇಳಿದರು. ಯಾರೂ ಏಳಲಿಲ್ಲ. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

ತಂಗೀ, ಅದು ನಿನ್ನ ಹಳೆಯ ಚೀಟಿ ಅಲ್ಲ. ಅವಳದು. ಆಫೀಸಿನವರು ಈ ವರ್ಷ ಹೊಸದಾಗಿ ಬರೆದು ಹಾಕಿದ್ದು, ಶಾಲೆಯೆಲ್ಲ ಅವಳನ್ನು ಕರೆಯುವ ಹೆಸರಿನಲ್ಲೇ. ಆ ಹೆಸರಿನಲ್ಲಿ ಅವಳನ್ನು ಕರೆಯದೆ ಇದ್ದವಳು ಇಡೀ ಶಾಲೆಗೆ ನಾನೊಬ್ಬಳೇ, ಆ ಚೀಟಿ ಬಂದದ್ದೂ ನನ್ನ ಕೈಗೇ. ಎದೆಯಲ್ಲಿ ಮರದ ಪುಡಿ ಇಟ್ಟುಕೊಂಡವಳು ನಾನೇ.

ಎದ್ದು ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟೆ. ಅವಳೇ, "ಪರವಾಗಿಲ್ಲ ದೊಡ್ಡಕ್ಕ, ಸೋಮವಾರ ರಜೆ ಕೊಟ್ರಲ್ಲ" ಎಂದಳು. ಸಭೆಯೆಲ್ಲ ನಕ್ಕಿತು. ನಾನು ಅತ್ತೆ, ಅವಳೂ ಅತ್ತಳು.

ನಿನಗೆ ಕೊಟ್ಟದ್ದನ್ನು ವಾಪಸು ಕೇಳಿದ ಹಾಗಾಯಿತು. ನಿನ್ನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗ ಚೀಟಿಯೂ ಇಲ್ಲ. ಕೋಪ ಮಾಡಿಕೊಂಡರೆ ನಿನ್ನದು ತಪ್ಪಲ್ಲ.

ಅಕ್ಕ


ಡಿಸೆಂಬರ್ ೨೬

ತಂಗೀ,

ನಿನ್ನಿಂದ ಕಾಗದವಿಲ್ಲ. ಹಬ್ಬದ ನೂಕುನುಗ್ಗಲಿಗೆ ಅಂಚೆ ತಡವಾಗಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಹಬ್ಬ ಚೆನ್ನಾಗಿ ಆಯಿತು. ಗೇಟಿನ ನಕ್ಷತ್ರ ಗಾಳಿಗೆ ಹರಿದು ಒಂದು ಮೂಲೆ ಕಡಿಮೆಯಾಗಿತ್ತು, ಹುಡುಗಿ ಏಣಿ ಹತ್ತಿ ಬಣ್ಣದ ಕಾಗದ ಅಂಟಿಸಿ ಬಂದಳು. ಅವಳಿಗೆ ಮನೆಗೆ ಹೋಗಲು ಬಸ್ಸು ಸಿಗಲಿಲ್ಲ, ನಿನ್ನ ಮಂಚದ ಮೇಲೆ ಮಲಗಿಸಿದ್ದೇನೆ. ಬೆಳಗಿನ ಪೂಜೆಯಲ್ಲಿ ಬಾಲಯೇಸುವನ್ನು ಮಲಗಿಸಲು ಹೋದರೆ ತೊಟ್ಟಿಲಲ್ಲಿ ಹುಲ್ಲು ಗುಡ್ಡದ ಹಾಗೆ ಏರಿದೆ. ಮಕ್ಕಳು ಈ ವರ್ಷ ಅಷ್ಟು ಒಳ್ಳೆಯವರಾಗಿದ್ದಾರೆ. "ಬಿದ್ದುಹೋಗ್ತಾನೆ ಫಾದರ್, ಹಿಡ್ಕೊಳ್ಳಿ" ಎಂದು ಆ ಕಚ್ಚುವ ಹುಡುಗಿ ಕೂಗಿದಳು. ಫಾದರ್ ಒಂದು ಕೈಯಲ್ಲಿ ಹಿಡಿದುಕೊಂಡೇ ಪ್ರಾರ್ಥನೆ ಮುಗಿಸಿದರು.

ಹಾಡು ಶುರುವಾದಾಗ ನನ್ನ ಎಡಗಡೆಗೆ ತಿರುಗಿದೆ. ಮೂರು ವರ್ಷದಿಂದ ತಿರುಗುತ್ತಿದ್ದೇನೆ. ನೀನು ಯಾವಾಗಲೂ ಅರ್ಧ ಸ್ವರ ಮೇಲೆ ಹಿಡಿದು ಎಲ್ಲರ ಹಾಡನ್ನೂ ಎಳೆದುಕೊಂಡು ಹೋಗುತ್ತಿದ್ದೆ. ಈಗ ಎಲ್ಲರೂ ಸರಿಯಾಗಿ ಹಾಡುತ್ತಾರೆ. ನನಗೆ ಅದು ಹಾಡು ಅನಿಸುವುದೇ ಇಲ್ಲ.

ಚೀಟಿಯ ಕಾಲ ಮುಗಿದಿದೆ. ನನ್ನನ್ನು ಯಾರೂ ಬರೆ ಎಂದಿಲ್ಲ, ನಿಯಮ ಯಾವುದೂ ಇಲ್ಲ. ನೀನು ಕೇಳಿದ್ದೆಯಲ್ಲ, ಇದೋ ನೋಡು. ಚೀಟಿ ಇಲ್ಲದೆ ನಾನು ಬರೆದ ಮೊದಲನೆಯ ಕಾಗದ ಇದು. ತಡವಾಗಿದ್ದರೆ ಹರಿದು ಹಾಕು.

ಅಕ್ಕ


ಡಿಸೆಂಬರ್ ೩೦

ಅಕ್ಕ,

ಹರಿಯಲಿಲ್ಲ. ಇಪ್ಪತ್ತರ ಕಾಗದವೂ ಇಪ್ಪತ್ತಾರರದೂ ಇವತ್ತು ಒಟ್ಟಿಗೆ ಬಂದವು. ಚೀಟಿಯ ಕಥೆಯನ್ನು ಇವರಿಗೆ ಓದಿ ಹೇಳಿದೆ. ಇವರು ನಕ್ಕರು. ನಾನು ನಗಲಿಲ್ಲ. ನನ್ನದಲ್ಲವಂತೆ, ಯಾರದೋ ಪಾಲಿನ ಪ್ರೀತಿ ತಪ್ಪಿ ನಮ್ಮ ಬಾಗಿಲಿಗೆ ಬಂತಂತೆ ಎಂದು ಕಾಗದ ಮಡಿಸಿಟ್ಟು ಅಡುಗೆಮನೆಗೆ ಹೋದೆ. ಪಾತ್ರೆ ತೊಳೆಯುತ್ತ ತೊಳೆಯುತ್ತ ಕೈ ನಿಂತಿತು.

ನೀನು ಲೆಕ್ಕ ತಪ್ಪಿದ್ದೀಯ ಅಕ್ಕ. ಅದು ಮೊದಲನೆಯದಲ್ಲ.

ಚೀಟಿ ನನ್ನದಲ್ಲವಲ್ಲ. ಹಾಗಾದರೆ ಮೊದಲಿನಿಂದಲೂ ನಿನ್ನ ಕೈಯಲ್ಲಿ ನನ್ನ ಚೀಟಿ ಇರಲೇ ಇಲ್ಲ. ಎಲ್ಲ ಕಾಗದವನ್ನೂ ನೀನು ಚೀಟಿ ಇಲ್ಲದೆಯೇ ಬರೆದಿದ್ದೀಯ. ಕಣ್ಣೆದುರಿಗೆ ಒಬ್ಬಳು ಚಿಕ್ಕಕ್ಕ ದಿನಾ ಕೂತು ಕಾಜಾ ಹೊಲಿಯುತ್ತಿದ್ದಾಳೆ, ಹೆಸರು ನೋಡಿದ ಕೂಡಲೇ ನಿನಗೆ ಹೊಳೆದದ್ದು ಬಿಟ್ಟುಹೋದ ನಾನು. ಬೆಂಚಿನ ಮೇಲೆ ಕೂತುಬಿಟ್ಟದ್ದು ನನಗಾಗಿ. ಬಾಗಿಲ ಕಡೆ ತಿರುಗಿದ್ದೂ ನನಗಾಗಿ. ನಾನು ಕೇಳಿದ್ದಕ್ಕೆ ಉತ್ತರ ಇಷ್ಟು ದಿನ ನಿನ್ನ ಹತ್ತಿರವೇ ಇತ್ತು, ನಿನಗೆ ಓದಲು ಬಂದಿರಲಿಲ್ಲ ಅಷ್ಟೇ.

ಜನವರಿ ಆರರ ಮೂರು ರಾಜರ ಹಬ್ಬಕ್ಕೆ ಇಬ್ಬರೂ ಬರುತ್ತೇವೆ. ಇವರು ಎಲ್ಲರದೂ ಒಂದು ಫೋಟೋ ತೆಗೆಯುತ್ತಾರಂತೆ, ನೀನು ಮುಂದಿನ ಸಾಲಿನಲ್ಲಿ ಕೂರಬೇಕು. ಮಂಚದಿಂದ ಆ ಹುಡುಗಿಯನ್ನು ಎಬ್ಬಿಸಬೇಡ, ನಾನು ನಿನ್ನ ಪಕ್ಕದಲ್ಲೇ ಮಲಗುತ್ತೇನೆ. ಅವಳನ್ನು ಇನ್ನು "ಇವಳೇ" ಎನ್ನಬೇಡ. ಬಾಯಿ ತುಂಬ ಚಿಕ್ಕಕ್ಕ ಅನ್ನು. ಆ ಹೆಸರು ಶಾಲೆಯದು, ಯಾರು ಆ ಕೋಣೆಯಲ್ಲಿದ್ದಾರೋ ಅವರದು.

ನನ್ನನ್ನು ನೀನು ಒಂದು ದಿನವೂ ಚಿಕ್ಕಕ್ಕ ಅಂದವಳಲ್ಲ.

ನಿನ್ನ,
ತಂಗಿ